ಹಿತ್ತಲ ಕೋಣೆಯ ಅರ್ಧ ಗಿಳಿಗಳು

ನನ್ನ ಬಲಗೈ ಮುರಿದದ್ದು ಜಂಬದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ನನ್ನ ಮೇಲೆ ಸುಮ್ಮನೆ ಕನಿಕರ ಹುಟ್ಟೀತು. ಧಾರವಾಡದ ನಮ್ಮ ಓಣಿಯ ಹುಣಸೆಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ನನಗೆ ಆಗ ಹದಿನಾರು, ಲಗ್ನ ಗೊತ್ತಾಗಿತ್ತು. ಮೇಲಿನ ಟೊಂಗೆಯ ಎಲೆಯನ್ನು ಕೈಯಿಂದ ಕಿತ್ತು ತರುತ್ತೇನೆಂದು ಪಂತ ಕಟ್ಟಿ, ನಿಂತುಕೊಂಡೇ ಜೀಕಿದೆ. ಎಲೆಯನ್ನೇನೋ ಕಿತ್ತೆ. ಹಗ್ಗ ಬಿಟ್ಟಿದ್ದೇನೆಂಬುದು ನೆಲ ಮುಟ್ಟುವ ತನಕ ತಿಳಿಯಲಿಲ್ಲ.

ಆ ನೋವನ್ನು ಹೇಗೆ ಹೇಳಲಿ? ಮುಂಗೈ ಮಣಿಕಟ್ಟಿನ ಮೇಲೆ ಬಾಗಬಾರದ ಕಡೆ ಬಾಗಿತ್ತು. "ಯವ್ವಾ ಸತ್ನೆವ್ವಾ" ಎಂದು ನಾನು ಚೀರಿದ್ದು ಕೆಲಗೇರಿ ಕೆರೆಯ ತನಕ ಕೇಳಿಸಿತೆಂದು ಓಣಿಯವರು ಎಷ್ಟೋ ವರ್ಷ ಆಡಿಕೊಂಡರು. ಅಪ್ಪ ಟಾಂಗಾ ತರಿಸಲು ಹೊರಟರೆ ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲಿಗೆ ಅಡ್ಡ ನಿಂತಳು. "ದವಾಖಾನಿಗೆ ಹೋದ್ರ ಕೈ ಕೊಯ್ದು ಕಳಸ್ತಾರ. ಲಗ್ನದ ಹುಡುಗಿ ಐತಿ. ಕಾಕಾನ್ನ ಕರೀರಿ ಲಗೂನ" ಎಂದಳು.

ಕಾಕಾ ಅಂದರೆ ಹಿಂದಿನ ಓಣಿಯಲ್ಲಿ ಎಲುಬು ಕೂಡಿಸುವ ಮುಸಲ್ಮಾನ ಮುದುಕ. ಮಗಳ ಕೈಯಲ್ಲಿ ಬಟ್ಟಲು ಹಿಡಿಸಿಕೊಂಡು ಬಂದ. ನನ್ನ ಕೈ ಹಿಡಿದು, "ಜೋಕಾಲಿ ಎಷ್ಟು ಎತ್ತರ ಹೋಗಿತ್ತು ಬೇಟಿ?" ಎಂದು ಕೇಳಿದ. ನಾನು ಹೇಳಲು ಬಾಯಿ ತೆರೆದೆನೋ ಇಲ್ಲವೋ, ಎಳೆದು ಕೂಡಿಸಿಬಿಟ್ಟ. ಆಮೇಲೆ ಬಿದಿರಿನ ದಬ್ಬೆ, ಉದ್ದಿನ ಹಿಟ್ಟು, ಕೋಳಿ ತತ್ತಿಯ ಬಿಳಿ ಸೇರಿಸಿ ಪಟ್ಟಿ ಕಟ್ಟಿದ. ನಲವತ್ತು ದಿನ, ನಡುವೆ ಮೂರು ಸಲ ಪಟ್ಟಿ ಬದಲು.

ತತ್ತಿ! ನಮ್ಮ ಮನೆಯಲ್ಲಿ ಆ ಶಬ್ದವನ್ನೂ ಮೆಲ್ಲಗೆ ಆಡುತ್ತಿದ್ದರು. ಮೊಮ್ಮಗಳ ಕೈ ಉಳಿಯಬೇಕು, ಆದರೆ ತತ್ತಿ ಹಚ್ಚಿದ ಕೈ ಹೊಸ್ತಿಲು ದಾಟಬಾರದು. ಆಯಿ ನನ್ನ ಹಾಸಿಗೆಯನ್ನು ಹಿತ್ತಲ ಕೋಣೆಗೆ ಹಾಕಿಸಿದಳು. ಅಲ್ಲಿ ಕಟ್ಟಿಗೆ, ಕುಳ್ಳು, ಒಡೆದ ಒಳಕಲ್ಲು, ಈಗ ನಾನು.

ಆ ನಲವತ್ತು ದಿನ ನೆನೆದರೆ ಒಂದೇ ಉದ್ದನೆಯ ಮಧ್ಯಾಹ್ನ ನೆನಪಾಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆ ಹಂಚಿನ ಮೇಲೆ ಬೀಳುತ್ತಲೇ ಇತ್ತು. ನಡುವೆ ಹೊಳವಾದರೆ ಬೆಳಕಿಂಡಿಯಿಂದ ಬಂದ ಬಿಸಿಲು ಕುಳ್ಳಿನ ರಾಶಿ ಹತ್ತಿ, ಗೋಡೆ ಹತ್ತಿ, ಹೊರಟುಹೋಗುತ್ತಿತ್ತು. ಬೆಳಗಿನ ಜಾವ ಪ್ರಭಾತಫೇರಿಯವರು ಸ್ವರಾಜ್ಯದ ಹಾಡು ಹಾಡುತ್ತ ಬೀದಿಯಲ್ಲಿ ಹೋದರೆ, ಅವರೆಲ್ಲ ನನ್ನ ಹಾಸಿಗೆಯ ಸುತ್ತಲೇ ನಡೆಯುತ್ತಿದ್ದಾರೆ ಅನಿಸುತ್ತಿತ್ತು. ಎದುರಿನ ಗಳದ ಮೇಲೆ ನನ್ನ ಚಂದ್ರಕಾಳಿ ಸೀರೆ ತೂಗುತ್ತಿತ್ತು. ಕಪ್ಪು ಸೆರಗಿನಲ್ಲಿ ನಾನೇ ಕಸೂತಿ ಹಾಕಿದ ಆನೆಗಳಿದ್ದವು, ತುಳಸಿಕಟ್ಟೆಯಿತ್ತು. ಜ್ವರ ಬಂದ ದಿನ ಆನೆಗಳು ಇಳಿದು ಬಂದು ಹಂಚಿನಿಂದ ಸೋರಿ ಒಳಕಲ್ಲಿನಲ್ಲಿ ನಿಂತ ಮಳೆನೀರು ಕುಡಿದು ಹೋದವು. ಇವತ್ತಿಗೂ ಅದನ್ನು ಸುಳ್ಳು ಅನ್ನಲು ಮನಸ್ಸಿಲ್ಲ.

ಆ ಸೀರೆಯೇ ನನ್ನ ಸಂಕಟ. ನಮ್ಮಲ್ಲಿ ಮದುಮಗಳು ತನ್ನ ಕೈಯ ಕಸೂತಿಯ ಸೀರೆ ಉಟ್ಟು ಅತ್ತೆಯ ಮನೆಗೆ ಹೋಗಬೇಕು. ಅತ್ತೆ ಸೆರಗು ತಿರುವಿ ಒಳಮಗ್ಗಲು ನೋಡುತ್ತಾಳೆ. ಗಿಳಿಗಳ ಸಾಲು ಪೂರಾ ಬಾಕಿ ಇತ್ತು, ಲಗ್ನ ಕಾರ್ತಿಕ ಮುಗಿದ ಮೇಲೆ. ಅದಕ್ಕಿಂತ ದೊಡ್ಡ ಹೆದರಿಕೆಯನ್ನು ಯಾರ ಮುಂದೆಯೂ ಆಡಲಿಲ್ಲ. ನನ್ನ ಸಾಲಿ ಮೂರನೇ ಇಯತ್ತೆಗೆ ನಿಂತಿತ್ತು, ರೂಪ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಓಣಿಯಲ್ಲಿ ನನಗೆ ಮರ್ಯಾದೆ ಇದ್ದದ್ದು ಈ ಕೈಯಿಂದ. ಕೈ ಹೋದರೆ ನಾನು ಯಾರು?

ಮಗ್ಗುಲ ಮನೆಯ ಮಾಸ್ತರರ ಮಗಳು ನನ್ನ ಚಿಕ್ಕಂದಿನ ಗೆಳತಿ. ದಿನಾ ಮಧ್ಯಾಹ್ನ ಬಂದು ತಲೆ ಬಾಚಿ ಹೆರಳು ಹಾಕುತ್ತಿದ್ದಳು. ಕಾಕಾನ ಮಗಳು ಪಟ್ಟಿ ನೋಡುವ ನೆಪದಲ್ಲಿ ಬಂದವಳು ಕುಳಿತೇಬಿಟ್ಟಳು. ನಡುಮನೆಯಲ್ಲಿ ಮಲಗಿದ್ದರೆ ಅವಳನ್ನು ಆಯಿ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲ ಕೋಣೆಗೆ ಆ ಕಟ್ಟು ಇರಲಿಲ್ಲ. ಅವಳು ಹುರಿಗಡಲೆಯನ್ನು ಒಂದೊಂದಾಗಿ ನನ್ನ ಬಾಯಿಗೆ ಹಾಕುತ್ತ, ನೋವು ಹೆಚ್ಚಾದಾಗ ಬೆರಳ ತುದಿ ತಿಕ್ಕುತ್ತ ಕೂಡುತ್ತಿದ್ದಳು.

ಒಂದು ದಿನ ಇಬ್ಬರೂ ಸೀರೆ ಇಳಿಸಿ ತೊಡೆಯ ಮೇಲೆ ಹರವಿಕೊಂಡರು. "ಗಿಳಿ ನಾವು ಹಾಕ್ತೀವಿ, ನೀ ಹೇಳ್ಕೋತ ಹೋಗು" ಎಂದಳು ಮಾಸ್ತರರ ಮಗಳು.

ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೇ ಗೆರೆಯ ಮೇಲೆ ಎರಡು ಸಲ ನಡೆಯಬೇಕು. ಹೋಗುವಾಗ ಎಳೆ ಎಣಿಸಿ ಒಂದು ಹೊಲಿಗೆ ಹಾಕಿ ಒಂದು ಬಿಡಬೇಕು. ತಿರುಗಿ ಬರುವಾಗ ಬಿಟ್ಟ ಖಾಲಿಗಳನ್ನು ತುಂಬಬೇಕು. ಗಂಟು ಹಾಕುವಂತಿಲ್ಲ. ಆಗಲೇ ಒಳಗೂ ಹೊರಗೂ ಒಂದೇ ಗಿಳಿ ಕಾಣುತ್ತದೆ.

ಇವರಿಬ್ಬರೂ ಹೋಗುವುದನ್ನು ಹೋದರು. ತಿರುಗಿ ಬರಲೇ ಇಲ್ಲ. ಒಂದು ಗಿಳಿಯ ಅರ್ಧ ಗೆರೆ ಮುಗಿಸಿ ದಾರ ಹಾಗೇ ಇಳಿಬಿಟ್ಟು ಇನ್ನೊಂದು ಗಿಳಿಗೆ ಹೋಗುತ್ತಿದ್ದರು. ಕಾಕಾನ ಮಗಳದು ಕೌದಿ ಹೊಲಿದ ಕೈ. ಕೌದಿಯಲ್ಲಿ ಸೂಜಿ ಒಂದೇ ದಿಕ್ಕಿಗೆ ಓಡುತ್ತದಲ್ಲ, ಅದೇ ಚಟ ಇಲ್ಲಿಗೂ ತಂದಳೆಂದು ನನಗೆ ಸಿಟ್ಟು ನೆತ್ತಿಗೇರಿತು.

"ಏ ಖೋಡಿ, ಇದು ಹಳೇ ಸೀರಿ ಕೂಡಿಸಿ ಹೊಲಿಯೂ ಕೌದಿ ಅಲ್ಲ. ಚಂದ್ರಕಾಳಿ! ತಿರುಗಿ ಬಾ ಅಂದ್ನೆಲ್ಲ?"

"ಬರೂಣಂತ, ಅವಸರ ಏನೈತಿ?" ಎಂದು ಅವಳು ತಲೆ ಎತ್ತದೆ ಎಳೆ ಎಣಿಸಿದಳು.

"ನೀನೂ ಅಕೀ ಜೋಡಿ ಕೂಡಿ ಕೆಟ್ಟಿ ನೋಡು!" ಎಂದು ಮಾಸ್ತರರ ಮಗಳನ್ನೂ ಬೈದೆ. ಅವಳು ಕಿಸಕ್ಕನೆ ನಕ್ಕಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ದಿನದಿಂದ ದಿನಕ್ಕೆ ಸೆರಗಿನ ತುಂಬ ಅರ್ಧ ಗಿಳಿಗಳು ಕೂತವು. ಬರೀ ಚುಕ್ಕಿಚುಕ್ಕಿ, ಮಂಜಿನಲ್ಲಿ ನಿಂತ ಹಾಗೆ. ನಿದ್ದೆಯಲ್ಲಿ ಅವು ಹಾರುತ್ತಿದ್ದವು, ರೆಕ್ಕೆ ಪೂರಾ ಇಲ್ಲದೆ ಹಂಚಿಗೆ ಬಡಿದು ಬೀಳುತ್ತಿದ್ದವು.

ನಲವತ್ತನೆಯ ದಿನ ಕಾಕಾ ಪಟ್ಟಿ ಕತ್ತರಿಸಿದ. ಒಳಗಿಂದ ಬಂದದ್ದು ನನ್ನ ಕೈಯೇ ಅಲ್ಲ, ಸಿಪ್ಪೆ ಸುಲಿದ ನುಗ್ಗೀಕಾಯಿ. ಎಲುಬು ನೆಟ್ಟಗೆ ಕೂಡಿತ್ತು, ಅವನಿಗೆ ಪುಣ್ಯ ಬರಲಿ. ಆದರೆ ಬೆರಳು ಮಡಿಚಲು ಬರಲಿಲ್ಲ, ಅಂಗೈ ಮೇಲ್ಮುಖವಾಗಿ ತಿರುಗಲಿಲ್ಲ. "ಕೆಲಸಾ ಕೊಡ್ರಿ, ಬರತೈತಿ" ಎಂದು ಅವನು ಬಟ್ಟಲು ಎತ್ತಿಕೊಂಡು ಹೋದ. ಸೂಜಿ ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಜಾರಿತು. ಮೂರನೆಯ ಸಲ ಸೀರೆಯನ್ನೇ ಕುಳ್ಳಿನ ಮೇಲೆ ಒಗೆದು ಗೊಳೋ ಎಂದು ಅತ್ತೆ. "ನೀವಾದ್ರೂ ಪೂರಾ ಮಾಡಬಾರದಾಗಿತ್ತೇನ? ನಲವತ್ತು ದಿನಾ ಏನ ಮಾಡಿದ್ರಿ? ನನ್ನ ಮಾರಿ ನೋಡಿದ್ರೇನು?"

ಕಾಕಾನ ಮಗಳು ಎದ್ದು ಹೋಗಿ ಸೀರೆ ತಂದಳು. ಧೂಳು ಜಾಡಿಸಿದಳು. ಒಂದು ಗಿಳಿಯ ಇಳಿಬಿಟ್ಟ ದಾರಕ್ಕೆ ಸೂಜಿ ಪೋಣಿಸಿ ನನ್ನ ಬೆರಳಲ್ಲಿಟ್ಟು, ಮೇಲೆ ತನ್ನ ಬೆರಳಿಟ್ಟಳು.

"ಎಣಿಸೂದು ನಾವು ಮುಗಿಸೀವಿ. ನೀ ಎಳಿ ಹುಡಕೂದು ಬ್ಯಾಡ. ಖಾಲಿ ಇದ್ದಲ್ಲೆ ಚುಚ್ಚು, ಎಳಿ, ಅಷ್ಟ. ನಿನ್ನ ಕೈ ಬರೂದಿಲ್ಲ ಅಂತ ನಮಗ ಅನಿಸಿದ್ರ ಎಂದೋ ಪೂರಾ ಮಾಡಿ ಇಡ್ತಿದ್ದಿವಿ."

ನನಗೆ ಅಳು ನಿಂತುಹೋಯಿತು. ಮಾಸ್ತರರ ಮಗಳು, "ಇದು ಅಕೀ ಯೋಚನಿ. ನೀ ಬೈದಾಗೆಲ್ಲಾ ನಾ ಹೇಳೇಬಿಡ್ತಿದ್ದೆ, ಅಕೀನ ನನ್ನ ಬಾಯಿ ಮುಚ್ಚಿಸಿದ್ಲು" ಎಂದು ಕಣ್ಣೊರೆಸಿಕೊಂಡಳು. ಅವತ್ತು ಸಂಜೆಯ ತನಕ ನಾಲ್ಕು ಹೊಲಿಗೆ ಹಾಕಿದೆ. ನಾಲ್ಕೇ.

ಪಟ್ಟಿ ಬಿಚ್ಚಿದ್ದಾಯಿತು, ಇನ್ನು ಒಳಗೆ ಬಾ ಎಂದಳು ಅವ್ವ. ಒಳಗೆ ಹೋದರೆ ಕಾಕಾನ ಮಗಳು ಬರುವಂತಿಲ್ಲವೆಂದು ನನಗೆ ಹೊಳೆಯಿತು. "ಕೈಗೆ ತತ್ತಿ ವಾಸನಿ ಇನ್ನೂ ಹೋಗಿಲ್ಲಬೇ" ಎಂದುಬಿಟ್ಟೆ. ಸೀಗೆಕಾಯಿ ಹಚ್ಚಿ ಮೂರು ಸಲ ತೊಳೆದ ಕೈ ಅದು. ಆಯಿ ಬಂದು ನನ್ನ ಅಂಗೈಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿದಳು. ಸೀರೆಯ ಕಡೆ ನೋಡಿದಳು, ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿಯ ಕಡೆ ನೋಡಿದಳು. "ಖರೇ. ಇನ್ನೂ ನಾರತೈತಿ. ಇರ್ಲಿ ಇಲ್ಲೇ ಒಂದಷ್ಟ ದಿನ" ಎಂದು ಹೊರಟುಹೋದಳು.

ಕಾರ್ತಿಕದ ತನಕ ನನ್ನ ಕೈ ನಾರುತ್ತಲೇ ಇತ್ತು. ಗಿಳಿಗಳು ಒಂದೊಂದಾಗಿ ಪೂರಾ ಆದವು.

ಲಗ್ನವಾಗಿ ಉಪ್ಪಿನಬೆಟಗೇರಿಗೆ ಹೋದ ಮೂರನೆಯ ದಿನ ಅತ್ತೆ ಸೆರಗು ತಿರುವಿದರು. ಒಳಮಗ್ಗಲಿನ ಗಿಳಿಗಳ ಮೇಲೆ ಬೆರಳಾಡಿಸುತ್ತ ಹುಬ್ಬು ಗಂಟು ಹಾಕಿದರು. ಒಂದು ಹೊಲಿಗೆ ನೆಟ್ಟಗೆ, ಒಂದು ಸೊಟ್ಟ, ಸಾಲಿನುದ್ದಕ್ಕೂ ಹಾಗೇ.

"ಈ ಸೊಟ್ಟ ಹೊಲಿಗಿ ಯಾರ ಹಾಕಿದ್ದವಾ?"

"ನಾ ಹಾಕಿದ್ದರೀ" ಎಂದೆ.

ಅತ್ತೆ ಒಂದು ಗಿಳಿಯ ಮೇಲೆ ಬೆರಳು ನಿಲ್ಲಿಸಿ, "ಮತ್ತ ಈ ಛಲೋ ಹೊಲಿಗಿ ಯಾರವು?" ಎಂದರು.

ನಾನು ತಲೆ ಎತ್ತಿ ಹೇಳಿದೆ: "ಅವು ಕೌದಿ ಹೊಲಿಯಾಕೀವು ರೀ. ನನ್ನ ಗೆಳತಿ."