ಮೆಂತೇಪಲ್ಯೆಯ ಮೇಲೆ ಹಾಕಿದ ತಪ್ಪು

ನನ್ನ ಎದೆಯೊಳಗೆ ಕೂಡಿಸಿದ ವಾಲ್ವ್ ಟಿಕ್ ಟಿಕ್ ಎನ್ನುತ್ತದೆ. ಮನೆಯಲ್ಲಿ ಟಿವಿ ಬಂದ್ ಆಗಿ, ಹೆದ್ದಾರಿಯ ಲಾರಿಗಳ ಗದ್ದಲ ಒಂದು ಗಳಿಗೆ ತಗ್ಗಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಆಪರೇಶನ್ ಮುಗಿಸಿಕೊಂಡು ಹತ್ತರಗಿಯ ಮನೆಗೆ ಬಂದ ಹೊಸತರಲ್ಲಿ, ನನ್ನನ್ನು ಮಾತಾಡಿಸಲು ಬಂದ ಹೆಂಗಸರು ಮಾತು ಬಿಟ್ಟು ಎದೆಯ ಸಪ್ಪಳ ಕೇಳುತ್ತ ಕೂರುತ್ತಿದ್ದರು. ನನ್ನ ಅತ್ತೆಗೆ ಅದೊಂದು ಹೆಮ್ಮೆ. ಮನೆಗೆ ಫ್ರಿಜ್ ಬಂದಾಗಲೂ ಅವರು ಅಷ್ಟು ಮೆರೆದಿರಲಿಲ್ಲ.

"ಕಿವಿ ಹಚ್ಚಿ ಕೇಳ್ರಿ. ಎಷ್ಟ ಚಂದ ನಡದೈತಿ ನೋಡ್ರಿ," ಎನ್ನುತ್ತಿದ್ದರು.

ಹೆಮ್ಮೆಪಡುವ ಹಕ್ಕು ಅವರಿಗಿತ್ತು. ಚಿಕ್ಕಂದಿನ ಜ್ವರದಿಂದ ಕೆಟ್ಟಿದ್ದ ನನ್ನ ಹೃದಯ ಮಕ್ಕಳಾದ ಮೇಲೆ ಕೈಕೊಟ್ಟಿತು. ಕೊಡ ಎತ್ತಿದರೆ ಉಸಿರು ಹಿಡಿಯುತ್ತಿತ್ತು. ಬೇರೆಯವರಾಗಿದ್ದರೆ ನನ್ನನ್ನು ಮಮದಾಪುರದ ತವರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಅತ್ತೆ ನೀರು, ಕಸ, ದನದ ಕೆಲಸ ಎಲ್ಲ ತಾವೇ ಹೊತ್ತುಕೊಂಡರು. ಆಪರೇಶನ್ ದಿನ ಬರಿಗಾಲಲ್ಲಿ ನಿಡಸೋಸಿಯ ಮಠಕ್ಕೆ ನಡೆದು ಹೋದರು. ಕಾಲಲ್ಲಿ ಬೊಬ್ಬೆ ಎದ್ದದ್ದನ್ನು ನನಗೆ ಅವರು ಹೇಳಲಿಲ್ಲ, ನಾದಿನಿ ಹೇಳಿದಳು. ನಮ್ಮವರು ಹೆದ್ದಾರಿಯ ಮಗ್ಗುಲಿನ ತಮ್ಮ ಟೈರಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿದರು. ಇಷ್ಟೆಲ್ಲ ಆಗಿ ಬದುಕಿ ಬಂದೆ. ಬಂದವಳಿಗೆ ಬದುಕು ಬೇಡವೆನಿಸತೊಡಗಿತು.

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಸಾಯಬೇಕು ಅಂತೇನೂ ಅಲ್ಲ. ಬೆಳಿಗ್ಗೆ ಏಳುವುದು ಬೇಡ, ತಲೆ ಬಾಚುವುದು ಬೇಡ, ಯಾರ ಜೊತೆಗೂ ಮಾತು ಬೇಡ. ಹೊಲಿಗೆ ಯಂತ್ರದ ಮೇಲೆ ಒಂದೇ ತೋಳು ಕೂಡಿಸಿದ ಯಾರದೋ ಜಂಪರು ವಾರಗಟ್ಟಲೆ ಹಾಗೇ ಬಿದ್ದಿತ್ತು. ಮಧ್ಯಾಹ್ನ ಉಂಡು ಅತ್ತೆ ಅಡ್ಡಾದಾಗ ನಾನೂ ಅವರ ಬದಿಗೆ ಮಲಗಿ, ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಗಂಡ ಕುಡಿಯುವವರಲ್ಲ, ಅತ್ತೆ ಕಾಡುವವರಲ್ಲ, ಮಕ್ಕಳು ನೆಟ್ಟಗೆ ಶಾಲೆಗೆ ಹೋಗುತ್ತವೆ. ಕಾರಣವಿದ್ದ ದುಃಖಕ್ಕೆ ನಾಲ್ಕು ಜನ ಬಂದು ಕೂರುತ್ತಾರೆ, ಚಹಾ ಮಾಡಿ ಕೊಡುತ್ತಾರೆ. ಕಾರಣವಿಲ್ಲದ ದುಃಖಕ್ಕೆ ನಮ್ಮಲ್ಲಿರುವ ಹೆಸರು ಸೊಕ್ಕು. ನನಗಾಗಿ ಕಾಲು ಸುಟ್ಟುಕೊಂಡ ಮುದುಕಿಯ ಮುಂದೆ ನಿಂತು, ನನಗೆ ಬದುಕುವುದೇ ಬೇಸರವಾಗಿದೆ ಎಂದು ಯಾವ ಬಾಯಿಂದ ಹೇಳಲಿ?

ಮನಸ್ಸಿಗೂ ಡಾಕ್ಟರು ಇರುತ್ತಾರೆಂದು ಗೊತ್ತಿತ್ತು. ಪಿಯುಸಿವರೆಗೆ ಓದಿದವಳು ನಾನು. ಆದರೆ ಹೋಗುವುದೆಲ್ಲಿಗೆ? ಗೋಕಾಕಕ್ಕೆ ಹೋದರೆ ಸಂತೆಗೆ ಬಂದ ತವರಿನವರು ಸಿಗುತ್ತಾರೆ. ಹುಕ್ಕೇರಿಯಲ್ಲಿ ಬಸ್ಸಿನಿಂದ ಇಳಿದರೆ ಎದುರಿಗೇ ನಮ್ಮವರ ಸೋದರಮಾವನ ಅಂಗಡಿ. ಮೂಡಲಗಿಯಾದರೂ ದೂರ ಅಂದುಕೊಂಡರೆ ನಾದಿನಿಯನ್ನು ಕೊಟ್ಟಿದ್ದೇ ಅಲ್ಲಿಗೆ. ಇಷ್ಟೂ ಸೀಮೆಯಲ್ಲಿ ನನ್ನ ಗುರುತಿಲ್ಲದೆ ಕೂರಬಹುದಾದ ಒಂದು ಬೆಂಚು ಇರಲಿಲ್ಲ.

ಹಾಗಾಗಿ ಫೋನೇ ಗತಿಯಾಯಿತು. ಅದರಲ್ಲಿ ಒಬ್ಬ ಹೆಂಗಸು ನಗುನಗುತ್ತ, ಇದು ಹಳದಿ ಹೂವಿನ ಗಿಡದಿಂದ ಮಾಡಿದ ಗುಳಿಗೆ, ಪರದೇಶದಲ್ಲಿ ಮನಸ್ಸು ಕುಂದಿದವರಿಗೆ ಕೊಡುತ್ತಾರೆ, ಗಿಡಮೂಲಿಕೆಯಾದ್ದರಿಂದ ಅಪಾಯದ ಮಾತೇ ಇಲ್ಲ ಎಂದಳು. ತರಿಸಿದೆ. ಪಾರ್ಸಲ್ ಬಂದಾಗ ಅತ್ತೆಗೆ ಹೊಲಿಗೆಯ ಸಾಮಾನು ಎಂದು ಹೇಳಿ, ಗುಂಡಿ ಹುಕ್ಕು ಇಡುವ ಡಬ್ಬಿಯ ತಳಕ್ಕೆ ಸೇರಿಸಿದೆ. ಸೀಸೆಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದ ಇಂಗ್ಲಿಷಿತ್ತು. ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಬೇಕು ಎಂದೇ ಬರೆದಿತ್ತು ಅಂತ ಆಮೇಲೆ ತಿಳಿಯಿತು. ಅಕ್ಷರ ಕೂಡಿಸಿಕೊಂಡು ಓದಲು ನನಗೆ ಬರುತ್ತಿತ್ತು, ಓದಲಿಲ್ಲ. ಮಮದಾಪುರದಲ್ಲಿ ನಮ್ಮವ್ವ ಕೆಮ್ಮಿಗೆ ಆಡುಸೋಗೆ, ಹೊಟ್ಟೆನೋವಿಗೆ ಓಮ ಕೊಟ್ಟೇ ನಮ್ಮನ್ನು ಬೆಳೆಸಿದ್ದಳು. ಎಲೆ, ಬೇರು, ಹೂವುಗಳನ್ನು ನಾವು ಔಷಧಿಯ ಲೆಕ್ಕಕ್ಕೆ ಹಿಡಿದವರೇ ಅಲ್ಲ.

ನನ್ನ ನಿಜವಾದ ಔಷಧಿ ಬೇರೆಯಿತ್ತು. ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳುವಾಗಿಡುವ ಗುಳಿಗೆಯನ್ನು ಜೀವವಿರುವ ತನಕ ನುಂಗಬೇಕು. ಅದರ ಕೆಲಸ ಕಡಿಮೆಯಾದರೆ ವಾಲ್ವಿಗೆ ರಕ್ತ ಹೆಪ್ಪುಗಟ್ಟಿ ಕೂರುತ್ತದೆ, ಅದರ ಚೂರು ತಲೆಗೆ ಏರಿದರೆ ಲಕ್ವ ಹೊಡೆಯುತ್ತದೆ. ಹೆಚ್ಚಾದರೆ ರಕ್ತ ಸೋರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಗೋಕಾಕದ ಹೃದಯದ ಡಾಕ್ಟರಲ್ಲಿ ರಕ್ತಪರೀಕ್ಷೆ. ಹಸಿರು ಸೊಪ್ಪೂ ಆ ಗುಳಿಗೆಯ ಕೆಲಸ ಕೆಡಿಸುತ್ತದಂತೆ. ದಿನಾ ಒಂದೇ ಅಳತೆಯಲ್ಲಿ ತಿನ್ನಿ ಎಂದು ಅವರು ಹೇಳಿದ್ದರು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತೇಪಲ್ಯೆ, ಅಂದರೆ ಎಳೆಯ ಮೆಂತ್ಯದ ಸೊಪ್ಪು, ಇರದ ಊಟ ಊಟವೇ ಅಲ್ಲ. ಅತ್ತೆ ಹಿತ್ತಲಿನ ಮಡಿಯಿಂದ ಕಿತ್ತು ತಂದು, ನನ್ನ ತಾಟಿಗೆ ಒಂದು ಹಿಡಿ ಇಟ್ಟು, ಉಳಿದದ್ದನ್ನು ತಮ್ಮ ಮಂಡಿಯ ಹಿಂದೆ ಮುಚ್ಚಿಟ್ಟುಕೊಂಡು ಉಣ್ಣುತ್ತಿದ್ದರು.

ಹೂವಿನ ಗುಳಿಗೆ ಶುರು ಮಾಡಿದ ಮೇಲೆ ಮನಸ್ಸು ಕೊಂಚ ಹಗುರಾದ ಹಾಗಿತ್ತು. ಆ ಜಂಪರಿಗೆ ಇನ್ನೊಂದು ತೋಳು ಕೂಡಿಸಿದೆ. ಮುಂದಿನ ರಕ್ತಪರೀಕ್ಷೆಗೆ ಹೋದಾಗ ಡಾಕ್ಟರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ಗಟ್ಟಿಯಾಗತೊಡಗಿತ್ತು.

"ಗುಳಿಗಿ ತಪ್ಪಿಸೀರಿ ಹೌದಿಲ್ಲೊ?"

"ಇಲ್ರಿ ಸರ್."

"ಮತ್ತ ಬ್ಯಾರೆ ಏನಾರ ತಗೋಳಾಕತ್ತೀರೇನು? ನಾಟಿ ಔಷಧ, ಚೂರ್ಣ, ಏನಾರ?"

ಕೇಳಲಿಲ್ಲ ಎಂದು ಅವರ ಮೇಲೆ ಹಾಕುವ ಹಾಗಿಲ್ಲ. ಬಿಡಿಸಿ ಬಿಡಿಸಿ ಕೇಳಿದರು. ಆದರೆ ಪಕ್ಕದಲ್ಲಿ ಅತ್ತೆ ಕೂತಿದ್ದರು. ತಗೋತೀನಿ ಎಂದರೆ ಯಾತಕ್ಕೆ ಎಂದು ಕೇಳುತ್ತಾರೆ, ಯಾತಕ್ಕೆ ಎಂದು ಹೇಳಿದರೆ ಅತ್ತೆಯ ಮುಖ ಹೇಗಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ಏನೂ ಇಲ್ರಿ," ಎಂದೆ. ಅವರು ರಕ್ತದ ಗುಳಿಗೆಯ ಪ್ರಮಾಣ ಹೆಚ್ಚಿಸಿ, ಹೀಗೇ ಆದರೆ ವಾಲ್ವ್ ಕೆಟ್ಟು ಜೀವಕ್ಕೇ ಕುತ್ತು ಎಂದು ಗದರಿಸಿ ಕಳಿಸಿದರು.

ಬಸ್ಸಿನಲ್ಲಿ ಅತ್ತೆಯ ತನಿಖೆ ಶುರುವಾಯಿತು.

"ಖರೇ ಹೇಳು. ಕದ್ದು ಮೆಂತೇಪಲ್ಯೆ ತಿಂದಿ ಹೌದಿಲ್ಲೊ?"

ಎಂಥ ಒಳ್ಳೆಯ ದಾರಿ ತೋರಿಸಿದರು ಪುಣ್ಯಾತ್ಗಿತ್ತಿ! ನಾನು ತಡ ಮಾಡಲಿಲ್ಲ.

"ಹೂಂ ರಿ ಅತ್ತಿ."

"ಎಷ್ಟ?"

"ಒಂದ ಸಿವುಡು."

"ಒಂದ ಸಿವುಡು! ಮನಿಶಾಳೊ ದನಾನೊ ನೀ?"

ಹಿಂದಿನ ಸೀಟಿನವರು ನಕ್ಕರು. ನನಗೂ ನಗು ಬಂತು, ಅದು ಇನ್ನೂ ನಾಚಿಕೆಗೇಡು. ಸೊಪ್ಪು ಕದಿಯುವವಳು ಎನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು, ಮನಸ್ಸು ಸರಿಯಿಲ್ಲದವಳು ಎನಿಸಿಕೊಳ್ಳುವುದು ಆಗುತ್ತಿರಲಿಲ್ಲ.

ಮನೆಗೆ ಬಂದವರೇ ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದರು. ಎಳೆಯ ಮೆಂತೇಪಲ್ಯೆಯ ಮಡಿಯನ್ನು ಬೇರು ಸಹಿತ ಕಿತ್ತು ಎಮ್ಮೆಯ ಮುಂದೆ ಒಗೆದರು. ಅವತ್ತಿನಿಂದ ಮನೆಯಲ್ಲಿ ಯಾರ ತಾಟಿಗೂ ಸೊಪ್ಪಿಲ್ಲ. ಸೊಪ್ಪಿಲ್ಲದೆ ಒಂದು ತುತ್ತು ಇಳಿಯದ ಮುದುಕಿ ಒಣ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ನೀರು ಕುಡಿಕುಡಿದು ಉಣ್ಣುವುದನ್ನು ನಾನು ಎದುರಿಗೆ ಕೂತು ನೋಡಿದೆ. ನನ್ನ ಗುಳಿಗೆಯ ಕಾರಭಾರವೂ ಅವರದ್ದಾಯಿತು. ಸಂಜೆ ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂತ ಹೊತ್ತಿಗೇ ಗುಳಿಗೆ, ನೀರು ಹಿಡಿದುಕೊಂಡು ಬರುತ್ತಿದ್ದರು. "ಬಾಯಿ ತೆರಿ. ನಾಲಿಗಿ ಎತ್ತು. ಹಾಂ, ನುಂಗ್ಯಾಳ." ಎರಡು ಮಕ್ಕಳ ತಾಯಿ ನಾನು. ಸಿಟ್ಟಿನಿಂದ ಮೈ ಉರಿಯುತ್ತಿತ್ತು, ಉಸಿರೆತ್ತುವ ಹಾಗಿರಲಿಲ್ಲ.

ಅವರ ಒಣ ರೊಟ್ಟಿ ನೋಡಲಾಗದೆ ಒಂದು ದಿನ ಹೂವಿನ ಗುಳಿಗೆಯ ಸೀಸೆಯನ್ನು ತಿಪ್ಪೆಗೆ ಎಸೆದೆ. ಎಸೆದರೆ ಎಲ್ಲ ಮೊದಲಿನ ಹಾಗಾಗುತ್ತದೆ, ಯಾರಿಗೂ ಏನೂ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ನಂಬಿದ್ದೆ. ನನ್ನ ಆ ಜಾಣತನದ ಭಾರಕ್ಕೆ ಕುತ್ತಿಗೆ ಸೊಟ್ಟಗಾಗಲಿಲ್ಲ ಅಷ್ಟೇ.

ಕೆಲವು ದಿನ ಕಳೆದವು. ಹಬ್ಬಕ್ಕೆ ಬಳೆ ತೊಡಿಸಲು ಬಂದವಳು ನನ್ನ ಕೈ ಹಿಸುಕಿದ ಕಡೆಯೆಲ್ಲ ನೇರಳೆಹಣ್ಣಿನ ಬಣ್ಣ ಬಂತು. ಹಲ್ಲುಜ್ಜಿದರೆ ಬಾಯಿತುಂಬ ರಕ್ತ. ಆಗಲೂ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಓಡಾಡಿದೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಮೂಗಿನಿಂದ ಹನಿ ಹಿಟ್ಟಿನ ಮೇಲೆ ಬಿತ್ತು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ಟವೆಲ್ ಒಂದು ತೊಯ್ದು ಇನ್ನೊಂದು ತೊಯ್ಯುವಷ್ಟರಲ್ಲಿ ನಮ್ಮವರು ಗಾಡಿ ತಂದು ನಿಲ್ಲಿಸಿದರು. ಗೋಕಾಕ ಮುಟ್ಟುವ ತನಕ ಅತ್ತೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿ ಹಿಡಿದಿದ್ದರು.

ಡಾಕ್ಟರು ಮೂಗಿಗೆ ಅರಳೆ ತುರುಕಿ, ರಕ್ತ ಪರೀಕ್ಷೆ ಮಾಡಿಸಿದರು. ಈ ಸಲ ರಕ್ತ ನೀರಿನಂತಾಗಿತ್ತು.

"ರಕ್ತ ಇಷ್ಟ ತೆಳು ಹ್ಯಾಂಗ ಆತು? ಗುಳಿಗಿ ಯಾರ ಕೊಡತೀರಿ? ಜೀವದ ಮ್ಯಾಲ ಬರತಿತ್ತಲ್ಲ!"

ಅತ್ತೆ ಕುರ್ಚಿಯಿಂದ ಎದ್ದು ನಿಂತು ಕೈ ಜೋಡಿಸಿದರು.

"ಸಾಹೇಬ್ರ, ತಪ್ಪು ನಂದ್ರಿ. ಕೊಡಾಕಿ ನಾನ. ಕಣ್ಣ ಮಂಜ ಆಗ್ಯಾವು. ಎಲ್ಲೋ ಒಮ್ಮೊಮ್ಮೆ ಎರಡೆರಡು ಕೊಟ್ಟೀನಿ ಕಾಣಸತೈತಿ. ಅಕಿಗಿ ಏನೂ ಅನಬ್ಯಾಡ್ರಿ."

ಎಂದೂ ಒಂದು ಗುಳಿಗೆ ಹೆಚ್ಚು ಕೊಟ್ಟವರಲ್ಲ ಅವರು. ದಿನಾ ಬೆಳಕಿಗೆ ಹಿಡಿದು, ಬೆರಳಿನಿಂದ ಮುಟ್ಟಿ ನೋಡಿಯೇ ಕೊಡುತ್ತಿದ್ದರು. ಡಾಕ್ಟರು ಅವರಿಗೆ ಬೈಯತೊಡಗಿದರು. ಕಾಣದಿದ್ದರೆ ಯಾಕೆ ಕೊಡಲು ಹೋಗಬೇಕು, ಮನೆಯಲ್ಲಿ ಓದಿದವರು ಯಾರೂ ಇಲ್ಲವೇ ಎಂದರು. ಅತ್ತೆ ಹೂಂ ಹೂಂ ಎಂದು ತಲೆಯಾಡಿಸುತ್ತ ಬೈಸಿಕೊಂಡರು. ಓದಿದವಳು ಮೂಗಿಗೆ ಅರಳೆ ತುರುಕಿಕೊಂಡು ಪಕ್ಕದಲ್ಲೇ ಕೂತಿದ್ದೆ.

"ಅತ್ತಿ ಕೊಟ್ಟಿಲ್ರಿ," ಎಂದೆ. ಅರಳೆಯಿಂದಾಗಿ ದನಿ ವಿಚಿತ್ರವಾಗಿ ಹೊರಟಿತು. "ನಾನ ಬ್ಯಾರೆ ಗುಳಿಗಿ ತಗೋತಿದ್ನಿರಿ. ಹೂವಿನದು. ಮನಸಿಗಿ ಸಮಾಧಾನ ಇದ್ದಿದ್ದಿಲ್ರಿ, ಅದಕ್ಕ." ಹೆಸರು ಹೇಳಿದೆ, ಯಾವಾಗ ಶುರು ಮಾಡಿದೆ, ಯಾವಾಗ ಎಸೆದೆ ಎಂಬುದನ್ನೂ ಹೇಳಿದೆ. ಅಷ್ಟು ಹೊತ್ತೂ ಅತ್ತೆಯ ಕಡೆ ನೋಡಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದುಕೊಂಡರೆ ಸಮಾಧಾನವಾಗಿ ತಿಳಿಸಿ ಹೇಳಿದರು. ಆ ಹೂವಿನ ಗುಳಿಗೆ ಹೊಟ್ಟೆಯಲ್ಲಿರುವಾಗ ರಕ್ತದ ಗುಳಿಗೆಯನ್ನು ಮೈ ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಹಾಗಾಗಿ ಅದು ಸಾಲದೆ ಬಂತು, ಅವರು ಹೆಚ್ಚಿಸಿದರು. ನಾನು ಹೂವಿನದನ್ನು ಬಿಟ್ಟಾಗ, ಹೆಚ್ಚಿಸಿದ್ದೆಲ್ಲ ಮೈಯಲ್ಲೇ ಉಳಿಯಿತು. ಸೊಪ್ಪು ಪೂರಾ ಬಿಡಿಸಿದ್ದೂ ಅದಕ್ಕೆ ಕೂಡಿಕೊಂಡಿತು. "ಗಿಡದ್ದು ಅಂದ್ರೂ ಔಷಧ ಔಷಧನ ಐತ್ರಿ. ಸುರು ಮಾಡೂ ಮೊದಲೂ ಹೇಳಬೇಕು, ಬಿಡೂ ಮೊದಲೂ ಹೇಳಬೇಕು," ಎಂದರು. ಮನಸ್ಸಿನ ಡಾಕ್ಟರೊಬ್ಬರಿಗೆ ತೋರಿಸಲು ಚೀಟಿ ಬರೆದು, ನನ್ನನ್ನು ಅಲ್ಲೇ ಇರಿಸಿಕೊಂಡರು.

ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಅತ್ತೆ ನನ್ನ ಕಾಲ ಬಳಿ ಕೂತಿದ್ದರು. ಆ ಶಾಂತತೆಯಲ್ಲಿ ನನ್ನ ಎದೆಯ ಟಿಕ್ ಟಿಕ್ ಇಬ್ಬರಿಗೂ ಕೇಳುತ್ತಿತ್ತು.

"ನೀ ಅಳೂ ಮುಂದ ಇದು ದಡದಡ ಓಡತೈತಿ," ಎಂದರು. "ಮಧ್ಯಾಹ್ನ ದಿನಾ ನನಗ ಕೇಳತಿತ್ತು."

"ಮತ್ತ ಯಾಕ ಕೇಳಲಿಲ್ರಿ ಅತ್ತಿ?"

"ಏನಂತ ಕೇಳಲಿ? ನನ್ನ ಸಲುವಾಗಿ ಅಳತಿ ಅಂತ ತಿಳದಿದ್ನಿ. ಹೌದು ಅಂದ್ರ ಏನ ಮಾಡಲಿ ಅಂತ ಅಂಜಿಕಿ."

ನನ್ನ ನಾಚಿಕೆಯನ್ನು ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದೆ. ಅವರು ಅಷ್ಟೂ ಮಧ್ಯಾಹ್ನ ನನ್ನ ಬೆನ್ನ ಹಿಂದೆ ಮಲಗಿ, ತಮ್ಮಿಂದೇನು ತಪ್ಪಾಯಿತು ಎಂದು ಹುಡುಕುತ್ತಿದ್ದರು. ನಿಮ್ಮ ಸಲುವಾಗಿ ಅಲ್ಲ, ಯಾರ ಸಲುವಾಗಿಯೂ ಅಲ್ಲ, ಸುಮ್ಮನೆ ಅಳು ಬರುತ್ತದೆ ಎಂದು ಹೇಳಿದೆ. ಅವರು ಎಷ್ಟೋ ಹೊತ್ತು ನನ್ನ ಪಾದ ಹಿಡಿದುಕೊಂಡು ಕೂತರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಚೀಟಿ ಹಿಡಿದು ಮನಸ್ಸಿನ ಡಾಕ್ಟರಲ್ಲಿಗೆ ಹೋದ ದಿನ ಅತ್ತೆಯೇ ಜೊತೆಗೆ ಬಂದರು. ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿದ್ದೆ, ಗುರುತಿನವರು ಯಾರಾದರೂ ಇದ್ದಾರೇನೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಒಳಗೆ ಡಾಕ್ಟರು ಎಲ್ಲ ಕೇಳಿದರು. ಮನಸ್ಸಿನ ಗುಳಿಗೆಗಳಲ್ಲೂ ಕೆಲವು ರಕ್ತದ ಗುಳಿಗೆಗೆ ಆಗಿಬರುವುದಿಲ್ಲವಂತೆ; ಹೃದಯದ ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿದ ಮೇಲೆಯೇ ಬರೆಯಲು ಪೆನ್ನು ತೆಗೆದರು. ಬರೆಯುವ ಮೊದಲು ಇನ್ನೊಮ್ಮೆ ಕೇಳಿದರು.

"ಇನ್ನ ಬ್ಯಾರೆ ಏನರೆ ಹೇಳೂದ ಉಳದೈತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದಕ್ಕೆ ಬಾಗಿದರು.

"ಒಂದ ಐತ್ರಿ. ಅಕಿ ಮೆಂತೇಪಲ್ಯೆ ತಿಂದಿದ್ದಿಲ್ರಿ. ನಾ ಸುಮ್ಸುಮ್ನ ಬಸ್ಸಿನ್ಯಾಗ ಎಲ್ಲಾರ ಮುಂದ ಅಕಿಗಿ ಬೈದ್ನಿ."

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಮುಖ ನೋಡಿದರು. ತಿಂದೆ ಎಂದು ಸುಳ್ಳು ಹೇಳಿದವಳು ನಾನೇ ಎಂದು ತಿಳಿಸಲು, ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದೆ.