ಶೇಂಗಾ ಇಟ್ಟು ರೋಮ್ ಹೇಳಿದ ಮೇಷ್ಟ್ರು

ಆಗ ನನಗೆ ನಲವತ್ತೆಂಟು. ನಲವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಸೊಸೆ ಗ್ರೋಸರಿಯಿಂದ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ತಂದಳು. ಪೊಟ್ಟಣ ಒಡೆದ ಕೂಡಲೇ ಆ ವಾಸನೆ... ಒಂದು ಕಾಯಿ ತೆಗೆದು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಇನ್ನೊಂದು ಇಟ್ಟೆ.

"ಏನಮ್ಮ ಅದು ಆಟ?" ಎಂದಳು ಸೊಸೆ.

"ರೋಮ್" ಎಂದೆ.

ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಆಗಿದೆ, ಅದೇನು ಸುಳ್ಳಲ್ಲ.

ಆಗ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಓಕ್ಲ್ಯಾಂಡಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿಗೆ ಧಾರವಾಡದ ಮೇಷ್ಟ್ರೊಬ್ಬರು ಬಂದಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ರಿಟೈರಾಗಿ, ಒಂದಷ್ಟು ದಿನ ಮಗಳ ಜತೆ ಇರಲು ಬಂದವರು. ಮಗಳು ಬೆಳಿಗ್ಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋದರೆ ಬರುವುದು ಸಂಜೆಗೇ. ಮೇಷ್ಟ್ರು ಕೋಟು, ಮಫ್ಲರು ಹಾಕಿ, ಜೇಬಿನ ತುಂಬ ಕಡಲೆಕಾಯಿ ತುಂಬಿಕೊಂಡು ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಅದಕ್ಕೆ ಅವರು ಶೇಂಗಾ ಎನ್ನುತ್ತಿದ್ದರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವರ ಹತ್ತಿರ ಹೋಗಿ ಕೂತದ್ದು ಕನ್ನಡ ಕೇಳುವ ಆಸೆಗೆ. ಅವರು ಹೇಳುತ್ತಿದ್ದುದು ಮಾತ್ರ ಬರೀ ರೋಮ್.

"ನಮ್ಮ ದೇಶದ್ದೇನಾದ್ರೂ ಹೇಳಿ ಮೇಷ್ಟ್ರೇ" ಎಂದೆ ಒಂದು ದಿನ.

"ನಮ್ಮ ದೇಶದ್ದು ಹೇಳಿದ್ರ ನೀ ಜಗಳಾ ತಗೀತಿ, ತಂಗೆವ್ವ. ರೋಮಿನವರು ಸತ್ತು ಭಾಳ ದಿನಾ ಆತು. ಅವರ ಕಡೆಯವರು ಯಾರೂ ಜಗಳಕ್ಕ ಬರೂದಿಲ್ಲ."

ಬೆಂಚಿನ ಮೇಲೆ ಎರಡು ಶೇಂಗಾ ಇಡುತ್ತಿದ್ದರು. ರೋಮಿನವರು ರಾಜನನ್ನು ಓಡಿಸಿ, ಅವನ ಜಾಗಕ್ಕೆ ಇಬ್ಬರನ್ನು ಆರಿಸಿದರು. ಇಬ್ಬರಿಗೂ ಒಂದೇ ವರ್ಷ. ಒಬ್ಬ ಬೇಡ ಎಂದರೆ ಇನ್ನೊಬ್ಬನ ಮಾತು ನಡೆಯದು. ಯುದ್ಧ ಬಂದರೆ ಮಾತ್ರ ಒಬ್ಬನ ಕೈಗೆ ಎಲ್ಲ ಕೊಡುವುದು, ಅದೂ ಆರು ತಿಂಗಳಿಗೆ. ಆಮೇಲೆ ಅವನು ಇಳಿದು ಮನೆಗೆ ಹೋಗಬೇಕು. ನೂರಾರು ವರ್ಷ ಹೀಗೇ ನಡೆಯಿತಂತೆ. ಬರಬರುತ್ತ ಊರು ದೊಡ್ಡದಾಯಿತು, ಗೆದ್ದ ನಾಡುಗಳು ಹೆಚ್ಚಾದವು, ಸೈನಿಕರು ಊರನ್ನು ಮರೆತು ಜಮೀನು ಕೊಡಿಸುವ ದಂಡನಾಯಕನ ಬೆನ್ನು ಹಿಡಿದರು. ಒಬ್ಬ ದಂಡನಾಯಕ, ಸೈನ್ಯ ತರಬಾರದೆಂದು ಗೆರೆ ಹಾಕಿದ್ದ ನದಿಯನ್ನೇ ದಾಟಿ ಬಂದ. ಜನ ಅವನಿಗೆ ಹತ್ತು ವರ್ಷದ ಅಧಿಕಾರ ಕೊಟ್ಟರು, ಆಮೇಲೆ ಸಾಯುವ ತನಕ ಎಂದರು. ಇಷ್ಟು ಹೇಳಿ ಮೇಷ್ಟ್ರು ಒಂದು ಶೇಂಗಾ ಸುಲಿದು ತಿಂದುಬಿಡುತ್ತಿದ್ದರು. ಬೆಂಚಿನ ಮೇಲೆ ಒಂದೇ ಉಳಿಯುತ್ತಿತ್ತು.

"ಆಮೇಲೆ?"

"ಆಮ್ಯಾಲೆ ಕೆಲವರು ಸೇರಿ ಅವನ್ನ ಇರಿದು ಕೊಂದ್ರು. ಹಿಂದಿನಂಗ ಆಗ್ತದ ಅಂತ ತಿಳದಿದ್ರು. ಆದ್ರ ಮರುದಿನ ಮುಂಜಾನೆ ಎದ್ದು ಏನು ಮಾಡೂದು ಅಂತ ಒಬ್ಬನರ ವಿಚಾರ ಮಾಡಿರಲಿಲ್ಲ ನೋಡು. ಅವನ ದತ್ತುಮಗ ಬಂದು ಕೂತ. ರಾಜಾ ಅನ್ನಬ್ಯಾಡ್ರಿ ಅಂದ. ಸಭಾ ಹಂಗ ಇತ್ತು, ವರ್ಷಾ ಇಬ್ಬರನ್ನ ಆರಿಸೂದೂ ಹಂಗ ಇತ್ತು. ಬ್ಯಾಡ ಅನ್ನಾವ್ರು ಮಾತ್ರ ಇರಲಿಲ್ಲ."

ಇದನ್ನೆಲ್ಲ ನಾನು ಕಥೆಯೆಂದೇ ಕೇಳಿದ್ದೆ. ಆಗ ನಮ್ಮ ಮನೆಯವರು ಬಂದರಿನ ಆಫೀಸಿನಲ್ಲಿ ಇಂಜಿನಿಯರು, ಜತೆಗೆ ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ಸಂಘದ ನಿಯಮದಲ್ಲಿ ಅಧ್ಯಕ್ಷರಿಗೆ ಒಂದೇ ವರ್ಷ. ಇವರು ನಾಲ್ಕನೇ ವರ್ಷದಲ್ಲಿದ್ದರು. ನಮ್ಮವರ ಪದ್ಧತಿಯೇ ಹಾಗೆ. ಯುಗಾದಿ ಊಟ ಮುಗಿದ ಮೇಲೆ ಸಭೆ. ಒಬ್ಬರು ಎದ್ದು ಇವರೇ ಮುಂದುವರೀಲಿ ಎನ್ನುವುದು, ಉಳಿದವರು ಚಪ್ಪಾಳೆ ತಟ್ಟಿ ಮನೆಗೆ ಫ್ರೀವೇ ಹಿಡಿಯುವುದು. ಅವಿರೋಧ ಆಯ್ಕೆ! ಎದುರು ನಿಂತರೆ ಅಧ್ಯಕ್ಷರಿಗೆ ಅವಮಾನ ಎಂದು ಎಲ್ಲರ ನಂಬಿಕೆ.

ಆ ಸಲ ಯುಗಾದಿಗೆ ಮೊದಲೇ ಇವರು ಖುಷಿಯಲ್ಲಿ ಹೇಳಿದರು. ಸಂಘಕ್ಕೆ ಸ್ವಂತ ಕಟ್ಟಡ ಆಗುವ ತನಕ ಇವರೇ ಅಧ್ಯಕ್ಷರಂತೆ, ಒಂದು ವರ್ಷದ ನಿಯಮ ತೆಗೆದುಹಾಕುತ್ತಾರಂತೆ. ಕಟ್ಟಡಕ್ಕೆ ಸಂಘದ ಹತ್ತಿರ ಜಾಗವೇ ಇರಲಿಲ್ಲ. ಬೆಂಚಿಗೆ ಹೋಗಿ ಮೇಷ್ಟ್ರಿಗೆ ಹೇಳಿದೆ. "ನಮ್ಮನೆಯವರು ಒಳ್ಳೆಯವರು ಮೇಷ್ಟ್ರೇ, ರಾತ್ರಿ ಹಗಲು ದುಡೀತಾರೆ" ಎಂದೂ ಸೇರಿಸಿದೆ.

"ಒಳ್ಳೆಯವರಿಂದನ ಕೆಡತದ, ತಂಗೆವ್ವ. ಕೆಟ್ಟವಗ ಯಾರು ಚಪ್ಪಾಳಿ ಹೊಡೀತಾರ?"

"ಹಾಗಾದ್ರೆ ನೀವೇ ಎದ್ದು ಹೇಳಿ."

"ನಾ ನೆಂಟ. ಓಟು ಇರೂದು ನಿನಗ."

ಸಭೆ ನಡೆದದ್ದು ಒಂದು ಚರ್ಚಿನ ಕೆಳಗಿನ ಹಾಲಿನಲ್ಲಿ. ಮೇಷ್ಟ್ರೂ ಮಗಳ ಜತೆ ಬಂದಿದ್ದರು. ಬಿಸಿಬೇಳೆ ಭಾತು ತಿಂದು ಎಲ್ಲರ ಕಣ್ಣು ಎಳೆಯುತ್ತಿತ್ತು. ಕಾರ್ಯದರ್ಶಿ ಎದ್ದು ಆ ಮಾತು ಹೇಳಿದ. ಚಪ್ಪಾಳೆಗೆ ಕೈಗಳು ಮೇಲೆದ್ದವು. ಮೂವತ್ತು ವರ್ಷದ ಸಂಸಾರ ನನ್ನದು. ಮನೆಯಲ್ಲಿ ಮಾತು ನಿಂತರೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಆದರೂ ಎದ್ದೆ.

"ಬೇಡ" ಎಂದೆ.

ಪಾಯಸದ ಲೋಟ ಹಿಡಿದವರೆಲ್ಲ ಹಾಗೇ ನಿಂತರು. ಇವರು ನನ್ನತ್ತ ನೋಡಲಿಲ್ಲ.

"ಯಾಕಕ್ಕ, ಮನೇಲಿ ಜಗಳಾನಾ?" ಎಂದ ಕಾರ್ಯದರ್ಶಿ. ಎಲ್ಲರೂ ನಕ್ಕರು.

"ಜಗಳ ಇನ್ಮೇಲೆ ಆಗತ್ತೆ. ಇವರು ಚೆನ್ನಾಗಿ ಮಾಡಿದಾರೆ. ಅದಕ್ಕೇ ಇಳೀಲಿ. ನಿಯಮ ಇರಲಿ."

"ಬೇಡ ಅಂದವರೇ ಮಾಡ್ಲಿ ಹಾಗಾದ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ಮೇಷ್ಟ್ರು ಹೇಳಿದ್ದ ಮರುದಿನ ಮುಂಜಾನೆಯ ಮಾತು ನೆನಪಾಯಿತು. "ಮಾಡ್ತೀನಿ. ಒಂದೇ ವರ್ಷ. ಜತೆಗೆ ಇನ್ನೊಬ್ಬರು ಬೇಕು. ನಾನು ತಪ್ಪು ಮಾಡಿದ್ರೆ ಬೇಡ ಅನ್ನೋವ್ರು" ಎಂದೆ. ಹುಬ್ಬಳ್ಳಿಯ ಡಾಕ್ಟರಮ್ಮ ಒಬ್ಬಳು ಕೈ ಎತ್ತಿದಳು. ಕೈಗಳನ್ನು ಎಣಿಸಿಯೇ ನಮ್ಮಿಬ್ಬರನ್ನು ಆರಿಸಿದರು. ಆ ಹಾಲಿನಲ್ಲಿ ಅದು ಮೊದಲು.

ಹೊರಗೆ ಬಂದಾಗ ಮೇಷ್ಟ್ರು ನನ್ನ ಅಂಗೈಗೆ ಎರಡು ಶೇಂಗಾ ಇಟ್ಟು ಮಗಳ ಕಾರು ಹತ್ತಿದರು. ಅವರ ಹತ್ತಿರ ಓದಿದ ಹುಡುಗರು ಅದೆಷ್ಟೋ ಜನ. ಆವತ್ತು ನಾನೂ ಅವರ ಕ್ಲಾಸಿನಲ್ಲಿ ಪಾಸಾದೆ ಎಂದು ಎದೆಯುಬ್ಬಿಸಿಕೊಂಡೇ ಹೋದೆ.

ಆ ಚಳಿಗಾಲಕ್ಕೆ ಮೊದಲೇ ಅವರು ಧಾರವಾಡಕ್ಕೆ ಹಿಂತಿರುಗಿದರು. ಕೆಲವು ವರ್ಷಕ್ಕೆ ಅಲ್ಲೇ ತೀರಿಕೊಂಡರು ಎಂದು ಮಗಳು ಫೋನಿನಲ್ಲಿ ಹೇಳಿದಳು. ನಾನು ಅಳಲಿಲ್ಲ. ಆ ಬೆಂಚಿನಲ್ಲಿ ಕೂರುವುದು ಬಿಟ್ಟೆ... ನಮ್ಮ ಮನೆಯವರೂ ಈಗಿಲ್ಲ. ಸಂಘ ಇದೆ, ವರ್ಷಕ್ಕೊಮ್ಮೆ ಕೈ ಎಣಿಸುತ್ತಾರೆ. ಮೊನ್ನೆ ಮೇಜಿನ ಮೇಲಿಟ್ಟ ಆ ಎರಡನ್ನೂ ಸೊಸೆ ಸುಲಿದು ತಿಂದಳು. ಮತ್ತೆ ಎರಡು ಇಟ್ಟೆ. ಕಥೆ ಹೇಳುವವರು ಮಾತ್ರ ಇಲ್ಲ.

ಹಳಬರು ಸಿಕ್ಕಿದರೆ ಆ ದಿನದ ಸಭೆಯ ಮಾತೇ ತೆಗೆಯುತ್ತಾರೆ. ನನಗೆ ಹೆಮ್ಮೆ ಮರುದಿನದ್ದು. ಫ್ರೀವೇ ಉದ್ದಕ್ಕೂ, ರಾತ್ರಿ ಊಟಕ್ಕೂ ಬಾಯಿ ಬಿಡದಿದ್ದ ನಮ್ಮ ಮನೆಯವರು, ಬೆಳಿಗ್ಗೆ ಚರ್ಚಿನ ಹಾಲಿನ ಬೀಗದ ಕೈ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟು ಆಫೀಸಿಗೆ ಹೋದರು. ನಾನು ಕಾಫಿ ಕುಡಿದು ಲೋಟ ತೊಳೆದೆ. ಬಸ್ಸು ಹಿಡಿದು ಚರ್ಚಿಗೆ ಹೋಗಿ ಬೀಗ ತೆಗೆದು, ಹಿಂದಿನ ದಿನ ಎಲ್ಲರೂ ಬಿಟ್ಟು ಹೋಗಿದ್ದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದೆ.