ಜನ ಬರುವ ಮುಂಚಿನ ಮದುವೆಮನೆ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಗಾಜಿಗೆ ಸರಿಯಾಗಿ ತಾಗಿಲ್ಲ. ಮದುವೆ ಹಾಲ್‌ನ ನಡುವೆ ಹೆಂಗಸೊಬ್ಬರು ನೆಲಕ್ಕೆ ಮಂಡಿಯೂರಿ, ಮೇಜಿನ ಅಂಚಿನ ಮಟ್ಟಕ್ಕೆ ಕಣ್ಣು ತಂದುಕೊಂಡು ಕೂತಿದ್ದಾರೆ. ಎದುರಿಗೆ ನೀರಿನ ಲೋಟಗಳ ಸಾಲು. ಒಂದರ ಮೇಲೆ ಯಾರದೋ ಹೆಬ್ಬೆರಳ ಗುರುತು. ಸೊಂಟಕ್ಕೆ ಸಿಕ್ಕಿಸಿಕೊಂಡ ಮೆತ್ತನೆ ಬಟ್ಟೆಯಿಂದ ಅದನ್ನು ಒರೆಸಿ, ಲೋಟವನ್ನು ಇದ್ದ ಜಾಗದಲ್ಲೇ ಇಟ್ಟು, ಉಸಿರು ಹಿಡಿದು ಕ್ಯಾಮೆರಾ ಒತ್ತುತ್ತಾರೆ. ಹೂವಿನ ಅಲಂಕಾರದವರು ಈಗಷ್ಟೇ ಹೋಗಿದ್ದಾರೆ. ಅಡುಗೆಯವರು ಪಾತ್ರೆ ಇಳಿಸಲು ಇನ್ನೇನು ಬರುತ್ತಾರೆ. ಈ ನಡುವಿನ ಹೊತ್ತಷ್ಟೇ ಇವರದು.

ಮಧ್ಯಾಹ್ನ ಇಲ್ಲಿ ರಿಸೆಪ್ಷನ್. ಮದುಮಕ್ಕಳನ್ನೂ ನೆಂಟರನ್ನೂ ತೆಗೆಯಲು ಸ್ಟುಡಿಯೋದಿಂದ ಬೇರೆಯವರು ಬರುತ್ತಾರೆ. ಇವರ ಪಾಲಿಗೆ ಬರುವುದು ಹಾಸಿದ ಮೇಜು, ಹೂದಾನಿ, ಇನ್ನೂ ಕತ್ತರಿಸದ ಕೇಕ್, ಯಾರೂ ಕೂರದ ಕುರ್ಚಿ. ಹಾಲ್‌ನ ಕೆಲಸದವರು ಇಟ್ಟಿರುವ ಹೆಸರು ‘ಖಾಲಿ ಕುರ್ಚಿ ಅಕ್ಕ’. ಅಕ್ಕನಿಗೆ ಅದರ ಬಗ್ಗೆ ಬೇಸರವೇನಿಲ್ಲ. “ಮನೇಲಿ ‘ಇವಳೇ’ ಅಂತ ಕರೀತಾರೆ. ಅದಕ್ಕಿಂತ ಇದು ಎಷ್ಟೋ ವಾಸಿ,” ಎನ್ನುತ್ತಾರೆ.

ಬಾಗಿಲು ಕಾಯುವಾತ ಚಹಾ ಕುಡಿಯುತ್ತ ನಿಂತಿದ್ದಾನೆ. “ಅಲ್ಲಕ್ಕ, ಜನಾನೇ ಇಲ್ದಿರೋ ಮದುವೆ ಫೋಟೋ ಯಾರಿಗೆ ಬೇಕು?”

“ಮದುವೆ ಮಾಡಿದೋರಿಗೆ ಬೇಕಪ್ಪ,” ಎನ್ನುತ್ತ ಅಕ್ಕ ಮುಂದಿನ ಮೇಜಿಗೆ ಸರಿಯುತ್ತಾರೆ. “ಅವರು ನಿನ್ ಪಕ್ಕದಲ್ಲೇ ನಿಂತು ಬನ್ನಿ ಬನ್ನಿ ಅಂತಿರ್ತಾರೆ. ಒಳಗೆ ಕಾಲಿಡೋ ಹೊತ್ತಿಗೆ ಅರ್ಧ ಮೇಜು ಎಂಜಲಾಗಿರುತ್ತೆ. ತಿಂಗಳುಗಟ್ಟಲೆ ಓಡಾಡಿ ಮಾಡಿಸಿದ್ದನ್ನ ನೋಡೋಕೆ ಅವರಿಗೇ ಪುರುಸೊತ್ತಿಲ್ಲ.”

ಅಕ್ಕ ಹುಟ್ಟಾ ಫೋಟೋಗ್ರಾಫರ್ ಏನಲ್ಲ. ಮೊದಲು ಇದೇ ಸ್ಟುಡಿಯೋದಲ್ಲಿ ಫೋಟೋಗಳಿಗೆ ಅಂಟು ಹಚ್ಚಿ ಆಲ್ಬಮ್‌ನಲ್ಲಿ ಕೂರಿಸುತ್ತಿದ್ದರು. ಪುಟಗಳೇ ಅಚ್ಚಾಗಿ ಬರತೊಡಗಿದ ಮೇಲೆ ಅಂಟಿನ ಡಬ್ಬಿಗೂ ಕೆಲಸವಿಲ್ಲ, ಅಕ್ಕನಿಗೂ ಇಲ್ಲ. ಆಗ ಮಾಲೀಕರು ಹಳೆಯ ಕ್ಯಾಮೆರಾ ಒಂದನ್ನು ಕೈಗಿಟ್ಟು, “ನೀನು ಮೇಜು ಕುರ್ಚಿ ತೆಗಿಯಮ್ಮ, ಅವು ಕಣ್ಣು ಮುಚ್ಚಲ್ಲ,” ಎಂದರಂತೆ. ಮೊದಲ ಸಲದ ಚಿತ್ರಗಳಲ್ಲಿ ಪ್ರತಿ ಚಮಚದೊಳಗೂ ಅಕ್ಕನದೇ ಮುಖ. “ಇದು ಯಾರ ಮದುವೆ ಅಂತ ಕೇಳಿದ್ರು ಸ್ಟುಡಿಯೋ ಅಣ್ಣ. ನಾಚಿಕೆಯಾಗಿ ಊಟ ಸೇರಲಿಲ್ಲ,” ಎಂದು ಈಗ ನಗುತ್ತಾರೆ.

ಈಗ ಒಂದು ಹಾಲ್‌ಗೆ ನೂರಕ್ಕೂ ಹೆಚ್ಚು ಚಿತ್ರ ತೆಗೆದರೆ ಆಲ್ಬಮ್‌ಗೆ ಹತ್ತಿಪ್ಪತ್ತು ಹೋಗುತ್ತವೆ. ಎದ್ದು ಕೂತು ಮಂಡಿ ಸವೆದಿದೆ, ಏಣಿ ಹೊತ್ತು ಹೆಗಲು ಹಿಡಿದುಕೊಂಡಿದೆ. ಗಂಡ ರಾತ್ರಿ ಪಾಳಿಯ ಬಸ್ ಓಡಿಸುವವರು. ಅವರು ಮನೆಗೆ ಬರುವಾಗ ಇವರು ಹೊರಡುತ್ತಾರೆ; ಸಂಸಾರದ ಮಾತೆಲ್ಲ ಹೊಸ್ತಿಲಲ್ಲೇ ಮುಗಿಯಬೇಕು. ಅತ್ತೆಯದು ಇನ್ನೊಂದು ದೂರು: “ನಮ್ಮ ಸೊಸೆ ವಾರವಾರ ಮದುವೆಮನೆಗೆ ಹೋಗ್ತಾಳೆ, ಹಸ್ಕೊಂಡೇ ಬರ್ತಾಳೆ.”

ಇಷ್ಟಾದರೂ ಈ ಕೆಲಸ ಉಳಿದೀತೇ ಎಂಬುದು ಇವತ್ತು ಗೊತ್ತಾಗಬೇಕು. ಅಕ್ಕನೇ ಹಿಂದೆ ತೆಗೆದ ಚೆಂದದ ಚಿತ್ರಗಳನ್ನು ಆರಿಸಿ ಎಲ್ಲರ ಆಲ್ಬಮ್‌ಗೂ ಅವನ್ನೇ ಹಾಕಿದರಾಯಿತು ಎಂದು ಮಾಲೀಕರು ಲೆಕ್ಕ ಹಾಕಿದ್ದಾರೆ. “ಮೇಜು ಅಂದ್ರೆ ಮೇಜು, ಹೂ ಅಂದ್ರೆ ಹೂ. ಯಾರು ಗಮನಿಸ್ತಾರೆ?” ತನ್ನ ಬೆರಳೇ ತನ್ನ ಕಣ್ಣಿಗೆ ಚುಚ್ಚಿದಂತಾಗಿದೆ ಅಕ್ಕನಿಗೆ. ಕಳೆದ ತಿಂಗಳ ಒಂದು ಮದುವೆಯ ಆಲ್ಬಮ್ ಪರೀಕ್ಷೆಗೆಂದು ಹಾಗೆಯೇ ಸಿದ್ಧವಾಗಿದೆ. ಆ ಹಾಲ್‌ನಲ್ಲಿ ಅಕ್ಕ ತೆಗೆದ ಚಿತ್ರಗಳು ಕಂಪ್ಯೂಟರ್‌ನಲ್ಲೇ ಉಳಿದಿವೆ. ಮನೆಯವರು ಗುರುತು ಹಿಡಿಯದಿದ್ದರೆ ಅಕ್ಕನಿಗೆ ಇನ್ನು ಕೆಲಸವಿಲ್ಲ. ಆದರೂ ಅಕ್ಕ ಮಾಲೀಕರ ಜೊತೆ ಜಗಳಕ್ಕೆ ಹೋಗಿಲ್ಲ. “ಅವರ ಅಂಗಡಿ. ಕಷ್ಟಕಾಲದಲ್ಲಿ ಕೈಬಿಡದೆ ಇದ್ದೋರು. ಏನಂತ ಜಗಳ ಆಡ್ಲಿ?”

ಮಧ್ಯಾಹ್ನ, ಕಳೆದ ತಿಂಗಳ ಆ ಮದುವೆಯ ಮದುಮಗಳು ಆಲ್ಬಮ್ ನೋಡಲು ತಾಯಿಯೊಂದಿಗೆ ಸ್ಟುಡಿಯೋಕ್ಕೆ ಬರುತ್ತಾಳೆ. ಅಕ್ಕ ಗೋಡೆಗೊರಗಿ ನಿಂತಿದ್ದಾರೆ. ನೆಂಟರ ಪುಟಗಳು ಬಂದಾಗ ತಾಯಿ ಮಗಳು ಬಿದ್ದು ಬಿದ್ದು ನಗುತ್ತಾರೆ. ಮೇಜುಗಳ ಪುಟ ಬರುತ್ತದೆ. ಮಗಳು ಅದನ್ನು ಮಗುಚಿಯೇ ಬಿಡುತ್ತಾಳೆ. ಮಾಲೀಕರು ಅಕ್ಕನತ್ತ ನೋಡುವುದಿಲ್ಲ.

“ತಡಿ, ಹಿಂದಕ್ಕೆ ತಿರುಗಿಸು,” ಎನ್ನುತ್ತಾರೆ ತಾಯಿ. ಕನ್ನಡಕ ಏರಿಸಿ ಬಗ್ಗಿ ನೋಡುತ್ತಾರೆ. “ಇದು ನಮ್ಮ ಮೇಜಲ್ಲ.”

“ಅದೇ ಅಲ್ವಾ ಅಮ್ಮ, ಅದೇ ಬಿಳಿ ಬಟ್ಟೆ,” ಎನ್ನುತ್ತಾರೆ ಮಾಲೀಕರು.

“ಬಟ್ಟೆ ಹೊಲಿದೋಳು ನಾನು. ಎಲ್ಲಾ ಮೇಜಿಂದೂ ನಾನೇ ಹೊಲಿದಿದ್ದು. ನನ್ನ ಮೂಲೆಗಳು ಸೊಟ್ಟ, ಬಿಚ್ಚಿ ಹೊಲಿಯೋಕೆ ದಿನ ಸಾಲಲಿಲ್ಲ. ಇದು ನೆಟ್ಟಗಿದೆ.”

ಅಕ್ಕ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಟ್ಟು, “ನಿಮ್ಮದು ಇಲ್ಲಿದೆ, ಬನ್ನಿ,” ಎನ್ನುತ್ತಾರೆ. ತಾಯಿ ಒಂದೊಂದೇ ಚಿತ್ರ ನೋಡುತ್ತಾರೆ. ಬೆಳಗಿನ ಬಿಸಿಲು ಬಿದ್ದ ಮೇಜು, ಮೇಲಿನಿಂದ ಕಂಡ ಇಡೀ ಹಾಲ್. “ಹೀಗಿತ್ತಾ? ನಾನು ನೋಡ್ಲೇ ಇಲ್ಲ ಕಣಮ್ಮ,” ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿಕೊಂಡಿವೆ. ಮಗಳೂ ಈಗ ಹಿಂದೆ ಬಂದು ನಿಂತಿದ್ದಾಳೆ.

“ಈ ಸೊಟ್ಟ ಮೂಲೆ ಕಾಣದ ಹಾಗೆ ಮಾಡಬಹುದಿತ್ತಲ್ಲ?” ಎಂದು ತಾಯಿ ಕೇಳುತ್ತಾರೆ.

“ಹೂದಾನಿ ಅಡ್ಡ ಇಟ್ಟಿದ್ರೆ ಮುಚ್ಚಿಹೋಗ್ತಿತ್ತು. ಆದ್ರೆ ಯಾರೋ ಕೂತು ಹೊಲಿದಿದಾರೆ ಅಂತ ನಂಗೆ ಗೊತ್ತಾಗಿದ್ದೇ ಆ ಮೂಲೆಯಿಂದ. ಮುಚ್ಚೋಕೆ ಮನಸ್ಸು ಬರಲಿಲ್ಲ.”

ಅವರು ಹೋದ ಮೇಲೆ ಮಾಲೀಕರು ಆ ಪುಟಗಳನ್ನು ಮತ್ತೆ ಅಚ್ಚಿಗೆ ಕಳಿಸಲು ಹೇಳುತ್ತಾರೆ. ಮುಖ ಸಪ್ಪಗಿದೆ. ಅಷ್ಟಕ್ಕೇ ಸೋಲೊಪ್ಪುವ ಆಸಾಮಿಯಲ್ಲ ಅವರು. “ಆಯ್ತಮ್ಮ, ನೀನು ಹೋಗಿ ತೆಗೀತಾ ಇರು. ಆದ್ರೂ ಕೇಳ್ತೀನಿ, ಎಲ್ಲಾರ ಮನೇಲೂ ಇಂಥ ತಾಯಿ ಇರ್ತಾರಾ?”

ಅಕ್ಕ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುತ್ತಿದ್ದಾರೆ.

“ಇರಲ್ಲ ಅಣ್ಣ. ಯಾರ ಮನೇಲಿ ಇದ್ದಾರೆ ಅಂತ ಬೆಳಗ್ಗೇನೇ ಹೆಂಗೆ ಗೊತ್ತಾಗುತ್ತೆ? ಅದಕ್ಕೇ ಎಲ್ಲಾರದೂ ತೆಗೀತೀನಿ.”